ಡೋಪಿಂಗ್ (ನಿಷೇಧಿತ ಔಷಧ ಬಳಕೆ) ಮಾಡಿ, ನಿಷೇಧ ಮುಗಿಸಿ ಬಂದ ಸೈಕ್ಲಿಸ್ಟ್‌ಗಳನ್ನು ಮತ್ತೆ ಸೇರಿಸಿಕೊಳ್ಳಬೇಕೇ?

ಸೇರಿಸಿಕೊಳ್ಳಬೇಕು ಅಂತಲೇ ನಾನು ಹೇಳುವುದು. ಆದರೆ ಕಣ್ಣೀರು ನೋಡಿ ಅಲ್ಲ, ರಕ್ತದ ಲೆಕ್ಕ ನೋಡಿ.

ಬ್ರಿಟನ್ನಿನ ಸೈಕ್ಲಿಸ್ಟ್ ಡೇವಿಡ್ ಮಿಲ್ಲರ್ 2004ರಲ್ಲಿ ಫ್ರೆಂಚ್ ಪೊಲೀಸರಿಗೆ ಸಿಕ್ಕಿಬಿದ್ದು, ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಇಪಿಒ ಔಷಧ ಬಳಸಿದ್ದನ್ನು ಒಪ್ಪಿಕೊಂಡರು. 2003ರ ವಿಶ್ವ ಟೈಮ್ ಟ್ರಯಲ್ ಪಟ್ಟ ಹೋಯಿತು, ಎರಡು ವರ್ಷ ನಿಷೇಧವಾಯಿತು. ಮರಳಿದ ಮೇಲೆ ಡೋಪಿಂಗ್ ವಿರುದ್ಧ ಬಹಿರಂಗವಾಗಿ ನಿಂತರು, 2012ರ ಟೂರ್ ಡಿ ಫ್ರಾನ್ಸ್‌ನಲ್ಲಿ ಒಂದು ಹಂತವನ್ನೂ ಗೆದ್ದರು. ಡೋಪಿಂಗ್ ನಿಷೇಧ ಮುಗಿಸಿ ಬಂದ ಇಟಲಿಯ ಸೈಕ್ಲಿಸ್ಟ್ ರಿಕಾರ್ಡೊ ರಿಕ್ಕೊಗೂ ಎರಡನೇ ಅವಕಾಶ ಸಿಕ್ಕಿತ್ತು. 2011ರಲ್ಲಿ ರಕ್ತ ಮರುಪೂರಣದ (ತೆಗೆದಿಟ್ಟ ರಕ್ತವನ್ನು ಮತ್ತೆ ದೇಹಕ್ಕೆ ಸೇರಿಸಿಕೊಳ್ಳುವ) ಎಡವಟ್ಟಿನಿಂದ ಆಸ್ಪತ್ರೆ ಸೇರಿದರು, ಮರುವರ್ಷ 12 ವರ್ಷಗಳ ನಿಷೇಧ ಬಿತ್ತು.

ಇಂಥ ಇಬ್ಬರ ವ್ಯತ್ಯಾಸ ಮಾತಿನಿಂದ ತಿಳಿಯದು. ಸೈಕ್ಲಿಂಗ್‌ನಲ್ಲಿ 2008ರಿಂದ ಇರುವ, ಸವಾರರ ರಕ್ತ ಪರೀಕ್ಷೆಗಳ ದಾಖಲೆಯಾದ ಜೈವಿಕ ಪಾಸ್‌ಪೋರ್ಟ್ ಹಿಮೋಗ್ಲೋಬಿನ್ ಜೊತೆಗೆ ಎಳೆಯ ಕೆಂಪು ರಕ್ತಕಣಗಳ ಪ್ರಮಾಣವನ್ನೂ ದಾಖಲಿಸುತ್ತದೆ. ಇಪಿಒ ನಿಲ್ಲಿಸಿದಾಗ ಹಿಮೋಗ್ಲೋಬಿನ್ ಏರಿದ ಮಟ್ಟದಲ್ಲೇ ಉಳಿದು, ಎಳೆಯ ಕಣಗಳು ಕುಸಿಯುತ್ತವೆ. ಸಂಶಯ ಹುಟ್ಟುವುದು ಅಲ್ಲೇ. ಆದರೂ ಸಣ್ಣ ಡೋಸ್ ತಪ್ಪಿಸಿಕೊಳ್ಳಬಹುದು. ಎತ್ತರದ ಪ್ರದೇಶದ ತರಬೇತಿ, ದೇಹದ ನೀರಿನಂಶ ಕೂಡ ಅಂಕಿಗಳನ್ನು ಕದಲಿಸುತ್ತವೆ. ಒಂದೆರಡು ಮಾದರಿ ಸಾಲವು, ವರ್ಷಗಳ ಸರಣಿಯೇ ಬೇಕು.

ಆದ್ದರಿಂದ ನನ್ನ ಷರತ್ತು ಎರಡು: ನಿಷೇಧದ ಅವಧಿಯುದ್ದಕ್ಕೂ ಮುನ್ಸೂಚನೆಯಿಲ್ಲದೆ ರಕ್ತ ಪರೀಕ್ಷೆ, ಮತ್ತು ಔಷಧ ಕೊಟ್ಟ ವೈದ್ಯರು, ತಂದುಕೊಟ್ಟವರ ಹೆಸರು ತನಿಖೆಗೆ ಒಪ್ಪಿಸುವುದು.