ಸಂಜೆಯಾದ್ರೆ ಸಾಯೋ ಪಿಸಿ

ನನ್ನ ಪಿಸಿಗೊಂದು ವಿಚಿತ್ರ ಕಾಯಿಲೆ. ಇಡೀ ದಿನ ಆಫೀಸ್ ಕೆಲಸ ಮಾಡಿ, ವಿಡಿಯೊ ನೋಡಿ, ಏನೂ ಆಗಲ್ಲ. ಸಂಜೆ ಗೇಮ್ ಹಾಕಿದ್ರೆ ಮಾತ್ರ ಸ್ಕ್ರೀನ್ ದಪ್ ಅಂತ ಕಪ್ಪಾಗಿ, ಒಂದು ಗಳಿಗೆ ಸುಮ್ಮನಿದ್ದು ತಾನೇ ರೀಸ್ಟಾರ್ಟ್ ಆಗತ್ತೆ. ಬ್ಲೂ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ಬೈಯೋಣ ಅಂದ್ರೂ ಯಾರನ್ನ ಬೈಯೋದು ಗೊತ್ತಾಗಲ್ಲ.

ಇರೋ ಸಾಮಾನು: ರೈಜೆನ್ 5 3600 ಪ್ರೊಸೆಸರ್, ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬ) ಮಾತ್ರ ಹಳೇ ಪಿಸಿಯಿಂದ ಕಿತ್ತಿದ್ದು, ಒಂಬತ್ತು ವರ್ಷದ್ದು, ಮೈಮೇಲೆ 500 ವ್ಯಾಟ್ ಅಂತ ಬರೆದಿದೆ. ಊರು ಮಂಡ್ಯದಿಂದ ಕೆರಗೋಡು ಕಡೆ.

ದಿನ 1

ವಿಂಡೋಸ್ ತನ್ನ ಆಗುಹೋಗು ಬರೆದಿಡೋ ಈವೆಂಟ್ ವ್ಯೂವರ್ ತೆಗೆದೆ. ಸಾಲಾಗಿ ಕರ್ನಲ್-ಪವರ್ 41. ಹೆಸರಲ್ಲಿ ಪವರ್ ಇದೆ ಅಂತ ಕುಣಿಯೋ ಹಾಗಿಲ್ಲ. ಹಿಂದಿನ ಸಲ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನೋದಷ್ಟೇ ಅದರ ಅರ್ಥ. ಹೆಣ ಸಿಕ್ಕಿದೆ ಅನ್ನೋ ರಿಪೋರ್ಟು, ಕೊಂದಿದ್ದು ಯಾರು ಅಂತ ಅದರಲ್ಲಿರಲ್ಲ. ಉಪಯೋಗಕ್ಕೆ ಬಂದಿದ್ದು ಡೀಟೇಲ್ಸ್‌ನಲ್ಲಿದ್ದ ಒಂದು ಸಾಲು: ಬಗ್‌ಚೆಕ್ ಕೋಡ್ 0. ಕ್ರ್ಯಾಶ್ ವಿವರ ಸೇರೋ ಮಿನಿಡಂಪ್ ಫೋಲ್ಡರ್ ಖಾಲಿ. ಅಂದ್ರೆ ವಿಂಡೋಸ್‌ಗೆ ಸಾಯೋ ಮುಂಚೆ ಎರಡಕ್ಷರ ಬರೆಯೋಕೂ ಟೈಮ್ ಸಿಕ್ಕಿಲ್ಲ.

ದಿನ 2, 3

ಎಲ್ಲರಂತೆ ನಾನೂ ಮೊದಲು ಹೀಟ್ ಮೇಲೆ ಅನುಮಾನಪಟ್ಟೆ. ಕ್ಯಾಬಿನೆಟ್ ಬಿಚ್ಚಿದ್ರೆ ಒಳಗೆ ಇನ್ನೊಂದು ಸಂಸಾರವೇ ಇತ್ತು: ಧೂಳು, ಜೇಡರ ಬಲೆ, ಒಂದು ಸತ್ತ ಹಲ್ಲಿಮರಿ. ಬ್ರಷ್ ಹಾಕಿ ಉಜ್ಜಿ, ಥರ್ಮಲ್ ಪೇಸ್ಟ್ ಹೊಸದು ಹಚ್ಚಿದೆ. ಸಿಪಿಯು 84 ಡಿಗ್ರಿಯಿಂದ 72ಕ್ಕೆ ಇಳೀತು, ಜಿಪಿಯು 70ರ ಆಸುಪಾಸು. ಖುಷಿಯಲ್ಲಿ ಜಿಟಿಎ ಫೈವ್ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ದಪ್.

“ಅದೇನ್ಲಾ, ದಿನಾ ಆ ಡಬ್ಬ ಬಿಚ್ಕಂಡು ಕೂತ್ಕತೀಯಾ” ಅಂದ್ಲು ಅವ್ವ.

ದಿನ 4, 5

ಪೆನ್‌ಡ್ರೈವಲ್ಲಿ ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಟ್ಟೆ. ನಾಲ್ಕು ಪಾಸ್, ಸೊನ್ನೆ ಎರರ್. ಗ್ರಾಫಿಕ್ಸ್ ಡ್ರೈವರ್ ಸೇಫ್ ಮೋಡಲ್ಲಿ ಪೂರ್ತಿ ಅಳಿಸಿ ಮತ್ತೆ ಹಾಕಿದೆ. ರ‍್ಯಾಮ್‌ನ ವೇಗ ಏರಿಸೋ ಎಕ್ಸ್‌ಎಂಪಿ ಸೆಟಿಂಗ್ ಆಫ್ ಮಾಡಿದೆ. ಬರೆಯೋಕೆ ಬೇರೇನಿಲ್ಲ, ಕಾಯಿಲೆ ಹಾಗೇ ಇದೆ.

ದಿನ 6, ಭಾನುವಾರ

ತಲೆ ಕೆಟ್ಟಿದ್ದು ಇವತ್ತೇ. ಮಧ್ಯಾಹ್ನ ಜಿಪಿಯು ದಣಿಸೋ ಫರ್‌ಮಾರ್ಕ್, ಸಿಪಿಯು ದಣಿಸೋ ಪ್ರೈಮ್95 ಎರಡನ್ನೂ ಒಟ್ಟಿಗೆ ಹಾಕಿ ಒಂದು ಗಂಟೆ ಸುಟ್ಟೆ. ಯಾವ ಗೇಮೂ ಇಷ್ಟು ಲೋಡ್ ಕೊಡಲ್ಲ, ಆದ್ರೂ ಪಿಸಿ ಗುಂಡುಕಲ್ಲಿನಂಗೆ ಕೂತಿತ್ತು. ಆಮೇಲೆ ಮೂರು ಗಂಟೆ ಗೇಮ್ ಆಡಿದೆ, ಅದಕ್ಕೂ ಏನೂ ಆಗಲಿಲ್ಲ. ವಾಸಿ ಆಯ್ತು ಅಂತ ಮೈಸೂರಿನ ಗೆಳೆಯನಿಗೆ ಮೆಸೇಜೂ ಹಾಕಿಬಿಟ್ಟೆ. ಸಂಜೆ 6.40ಕ್ಕೆ ದಪ್.

ಪಿಸಿಯ ಹೀಟು, ವೋಲ್ಟೇಜು ಅಳೆಯೋ ಎಚ್‌ಡಬ್ಲ್ಯುಇನ್ಫೊ ಲಾಗ್ ಬರೀತಾ ಇತ್ತು. ಕೊನೇ ಸಾಲಲ್ಲಿ ಎಲ್ಲ ಸರಿಯಾಗೇ ಇದೆ, 12 ವೋಲ್ಟ್ ಲೈನು 11.9. ಶೇ 5 ಆಚೀಚೆ ಆಗಬಹುದು, ಅಂದ್ರೆ 11.4ರವರೆಗೂ ಲೆಕ್ಕದೊಳಗೇ. ಎರಡು ಸೆಕೆಂಡಿಗೊಂದು ಸಾಲು ಬರೆಯೋ ಲಾಗಿಗೆ ಮಿಲಿಸೆಕೆಂಡಲ್ಲಿ ನಡೆದಿದ್ದು ಹೇಗೆ ಕಾಣಬೇಕು? ಇದು ನನಗೆ ಹೊಳೆದಿದ್ದು ವಾರದ ಮೇಲೆ.

ಗೆಳೆಯ ಮಾತ್ರ “ಜಿಪಿಯುನೇ ಹೋಗಿರೋದು ಮಗಾ, ಮಾರ್ಬುಡು” ಅಂತ ಹಟ ಹಿಡಿದ. ಸದ್ಯ, ಮಾರಲಿಲ್ಲ.

ದಿನ 10

ಅವ್ವ ರಾಗಿ ಹಿಟ್ಟು ಮಾಡಿಸ್ಕೊಂಡು ಬಂದು ಡಬ್ಬ ಇಳಿಸಿದ್ಲು. ಪಿಸಿ ಆಗಷ್ಟೇ ಸತ್ತಿತ್ತು, ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. “ನಾನ್ ಅಲ್ಲಿ ಹಿಟ್ಟು ಬೀಸುಸ್ತಿದ್ರೆ ಇಲ್ಲಿ ನಿಂದು ಆಫ್ ಆಯ್ತದಾ? ಮಿಲ್ ಸುರು ಮಾಡ್ದಾಗೆಲ್ಲ ನಮ್ಮನೆ ಫ್ಯಾನೇ ಸುಸ್ತಾಯ್ತದೆ ಕಣ್ಲಾ” ಅಂದ್ಲು.

ಮೂರನೇ ಮನೆ ದಾಟಿದ್ರೆ ರಾಗಿ ಮಿಲ್ಲು. 10 ಎಚ್‌ಪಿ ಮೋಟಾರು, ನಮಗೂ ಅದಕ್ಕೂ ಒಂದೇ ಟ್ರಾನ್ಸ್‌ಫಾರ್ಮರು. ಮಧ್ಯಾಹ್ನ ಬಾಗಿಲು ಹಾಕಿರ್ತಾರೆ, ಜನ ಗದ್ದೆಯಿಂದ ಬಂದ ಮೇಲೆ ಶುರು. ಇಂಥ ಮೋಟಾರು ಓಡುವಾಗ ಸುಮಾರು 14 ಆಂಪ್ ಎಳೆಯತ್ತೆ, ನೇರವಾಗಿ ಸ್ಟಾರ್ಟ್ ಮಾಡಿದ್ರೆ ಆ ಕ್ಷಣಕ್ಕೆ ಅದರ ಐದಾರು ಪಟ್ಟು.

ಫ್ಯಾನ್ ಕೆಳಗೆ ಕಿವಿಗೊಟ್ಟು ಕೂತೆ. ಗೊಯ್ ಅನ್ನೋ ಸದ್ದು ಒಂದು ಸ್ವರ ಇಳೀತು, ಹಿಂದೆಯೇ ಹಾಲ್ ಮೂಲೆಯ ಯುಪಿಎಸ್ (ಮನೆ ಇನ್ವರ್ಟರು, ಪಿಸಿಗೂ ಕರೆಂಟ್ ಬರೋದು ಅದರಿಂದಲೇ) ‘ಟಕ್’ ಅಂತು, ಮತ್ತೆ ಎಲ್ಲ ಸರಿ. ಈ ಟಕ್ ವರ್ಷಗಟ್ಟಲೆ ಕೇಳಿದೀನಿ. ಕಿವಿ ಕೇಳಿತ್ತು, ತಲೆಗೆ ಹೋಗಿರಲಿಲ್ಲ.

ದಿನ 11

ಮಲ್ಟಿಮೀಟರ್ ಹಿಡಿದೆ. ಮಧ್ಯಾಹ್ನ 226 ವೋಲ್ಟ್, ಸಂಜೆ ಏಳಕ್ಕೆ 196, ಮಿಲ್ ಶುರುವಾದ ಗಳಿಗೆಗೆ 174. ನಮ್ಮ ಮನೆಯ ಇನ್ವರ್ಟರು ಯುಪಿಎಸ್ ಮೋಡಲ್ಲಿದೆ, 180ರ ಕೆಳಗಿಳಿದ್ರೆ ಲೈನ್ ಬಿಟ್ಟು ಬ್ಯಾಟರಿಗೆ ಹಾರತ್ತೆ. ಹಾರುವಾಗ ಕೆಲವು ಮಿಲಿಸೆಕೆಂಡು ಕರೆಂಟೇ ಇರಲ್ಲ. ಆ ಸಂದಿಯನ್ನ ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರಲ್ಲಿರೋ ಚಾರ್ಜಲ್ಲಿ ದಾಟಿಸಬೇಕು.

ದಿನ 12

ಬ್ಯಾಕಪ್ ತಗೊಂಡು, ಬೇಕೂಂತಲೇ ಕೊಂದು ನೋಡಿದೆ. ಯುಪಿಎಸ್‌ಗೆ ಹೋಗೋ ಎಂಸಿಬಿ ಸ್ವಿಚ್ ಇಳಿಸೋದು, ಪಿಸಿ ಬದುಕಿದ್ಯಾ ನೋಡೋದು. ಡೆಸ್ಕ್‌ಟಾಪಲ್ಲಿ ಸುಮ್ಮನಿದ್ದಾಗ ಐದಕ್ಕೆ ಐದು ಸಲವೂ ಬದುಕಿತು. ಮಧ್ಯಾಹ್ನ ಗೇಮ್ ಓಡ್ತಿದ್ದಾಗ ಐದರಲ್ಲಿ ಎರಡು ಸಲ ಸತ್ತಿತು, ಸಂಜೆ ಐದಕ್ಕೆ ಐದು.

ಇಷ್ಟು ದಿನದ ಗೋಜಲು ಇಲ್ಲಿ ಬಿಡಿಸ್ಕೊಂತು. ನನ್ನ ಎಸ್‌ಎಂಪಿಎಸ್ ಹಿಂದೆ 115/230ರ ಕೆಂಪು ಸ್ವಿಚ್ಚಿದೆ, ಅಂದ್ರೆ ಆಕ್ಟಿವ್ ಪಿಎಫ್‌ಸಿ (ಒಳಗಿನ ವೋಲ್ಟೇಜನ್ನ ಒಂದೇ ಮಟ್ಟದಲ್ಲಿ ಹಿಡಿಯೋ ಸರ್ಕ್ಯೂಟ್) ಇಲ್ಲದ ಹಳೇ ಕಾಲದ್ದು. ಗೋಡೆಯಲ್ಲಿ ವೋಲ್ಟೇಜ್ ಇಳಿದ್ರೆ ಕೆಪಾಸಿಟರಲ್ಲೂ ಇಳಿಯತ್ತೆ, ಅಲ್ಲಿರೋ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕಮ್ಮಿಯಾಗತ್ತೆ. 230ರ ಜಾಗದಲ್ಲಿ 196 ಬಂದ್ರೆ ಕಾಲು ಭಾಗಕ್ಕಿಂತ ಜಾಸ್ತಿ ಅಲ್ಲೇ ಹೋಯ್ತು. ಮೇಲೆ ಒಂಬತ್ತು ವರ್ಷಕ್ಕೆ ಸೊರಗಿದ ಕೆಪಾಸಿಟರ್. ಸುಮ್ಮನಿದ್ರೆ ಪಿಸಿ ಎಳೆಯೋದು ಕಮ್ಮಿ, ಇರೋ ಚಾರ್ಜಲ್ಲಿ ಸಂದಿ ದಾಟತ್ತೆ. ಗೇಮಲ್ಲಿ ಗ್ರಾಫಿಕ್ಸ್ ಕಾರ್ಡೊಂದೇ 125 ವ್ಯಾಟ್ ಎಳೆಯುವಾಗ ದಾಟಲ್ಲ. ಭಾನುವಾರ ಮಧ್ಯಾಹ್ನ ಅಷ್ಟು ಸುಟ್ಟರೂ ಬದುಕಿದ್ದು ಯಾಕೆ ಅಂದ್ರೆ, ಆಗ ಟಕ್ ಅನ್ನಲೇ ಇಲ್ಲ.

ದಿನ 15

ಮಂಡ್ಯದಿಂದ ರೈಲಲ್ಲಿ ಮೈಸೂರಿಗೆ ಹೋಗಿ 550 ವ್ಯಾಟಿನ 80 ಪ್ಲಸ್ ಬ್ರಾಂಜ್ (ದಕ್ಷತೆಯ ದರ್ಜೆ) ಎಸ್‌ಎಂಪಿಎಸ್ ತಂದೆ. ಅಂಗಡಿಯವರು 750 ತಗೊಳ್ಳಿ ಸಾರ್ ಅಂತ ಬಹಳ ಹೇಳಿದ್ರು. ನನಗೆ ಬೇಕಿದ್ದು ಹೆಚ್ಚು ವ್ಯಾಟ್ ಅಲ್ಲ, ಆಕ್ಟಿವ್ ಪಿಎಫ್‌ಸಿ. ಗೋಡೆಯಲ್ಲಿ 230 ಇರಲಿ 180 ಇರಲಿ, ಅದು ಒಳಗೆ 380 ವೋಲ್ಟಿನ ಹತ್ತಿರಕ್ಕೆ ಎತ್ತಿ ಹಿಡಿಯತ್ತೆ. ಒಂದು ಎಚ್ಚರಿಕೆ: ಸ್ಕ್ವೇರ್ ವೇವ್ ಇನ್ವರ್ಟರ್ ಇರೋರು ಇದನ್ನ ಹಾಕೋ ಮುಂಚೆ ವಿಚಾರಿಸಿ, ಕೆಲವು ಎಸ್‌ಎಂಪಿಎಸ್‌ಗೆ ಅದು ಆಗಿಬರಲ್ಲ. ನಮ್ಮದು ಸೈನ್ ವೇವ್.

ಹಳೇದನ್ನ ಬಿಚ್ಚಿ ನೋಡೋ ಆಸೆ ಇತ್ತು, ಬಿಚ್ಚಲಿಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಲ್ಲಿ ಉಳಿದಿರೋದು ಹೊಡೆಯತ್ತೆ.

ದಿನ 17, ಗುರುವಾರ

ಎಂಸಿಬಿ ಪರೀಕ್ಷೆ ಮತ್ತೆ ಮಾಡಿದೆ. ಸಂಜೆ, ಗೇಮ್ ಓಡ್ತಾ ಇದ್ದಾಗ, ಐದಕ್ಕೆ ಐದು ಸಲವೂ ಬದುಕಿದೆ.

ಮಿಲ್ಲಲ್ಲಿ ಇವತ್ತು ರಶ್ಶು. ಆರರಿಂದ ಒಂಬತ್ತರವರೆಗೆ ಗೇಮ್ ಆಡ್ತಾ ಪಕ್ಕದ ಹಾಳೇಲಿ ಗೀಟು ಹಾಕ್ತಾ ಹೋದೆ. ಟಕ್: 11. ರೀಸ್ಟಾರ್ಟ್: 0.