ಡ್ರಮ್ಮಿನಲ್ಲಿ ಮಿಕ್ಕ ಹತ್ತು ಲೀಟರ್

ಮಾರ್ಚ್ 9, 2025, ಭಾನುವಾರ

ಹವಳ, ಮೀನು ಸಾಕುವ ಉಪ್ಪುನೀರಿನ ರೀಫ್ ಟ್ಯಾಂಕಿನಲ್ಲಿರುವ ಒಟ್ಟು ನೀರು 200 ಲೀಟರ್. ಇವತ್ತು ನೀರು ಬದಲಿಸಲೆಂದು ರಿಟರ್ನ್ ಪಂಪ್ (ನೀರನ್ನು ಮತ್ತೆ ಟ್ಯಾಂಕಿಗೆ ಏರಿಸುವುದು) ನಿಲ್ಲಿಸಿ ಸಂಪ್‌ನಿಂದ (ಟ್ಯಾಂಕಿನ ಕೆಳಗಿನ ತೊಟ್ಟಿ) ತೆಗೆದದ್ದು 40 ಲೀಟರ್, ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ಹೊಸ ಉಪ್ಪುನೀರೂ 40. ಆದರೆ ಸಂಪ್ ಗುರುತು ಮುಟ್ಟುವ ಹೊತ್ತಿಗೆ ಡ್ರಮ್ಮಿನಲ್ಲಿ 10 ಲೀಟರ್ ಮಿಕ್ಕಿತು. ತೆಗೆದಷ್ಟು ಹಿಡಿಯಲಿಲ್ಲವೆಂದರೆ ಬೇರೆಲ್ಲಿಂದಲೋ ನೀರು ಬಂದಿದೆ ಎಂದೇ ಅರ್ಥ. ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್-ಆಫ್‌ನ ಪ್ಲಗ್ ಕಿತ್ತಿರಲಿಲ್ಲ. ಸಂಪ್ ಖಾಲಿಯಾಗುತ್ತಿದ್ದಂತೆ ಸೆನ್ಸರ್ ಅದನ್ನು ಆವಿಯಾದ ನೀರೆಂದು ಲೆಕ್ಕ ಹಿಡಿದು 10 ಲೀಟರ್ ಉಪ್ಪಿಲ್ಲದ ಆರ್‌ಒ ನೀರನ್ನು ಸುರಿದಿದೆ. ಪಾಪ, ಅದರ ಕೆಲಸ ಅದು ಮಾಡಿದೆ.

ಪಂಪ್ ಹಾಕಿ ಅರ್ಧ ಗಂಟೆ ನೀರು ಬೆರೆಯಲು ಬಿಟ್ಟು, ಆಮೇಲೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ನೋಡಬೇಕು. ಅದಕ್ಕೂ ಮೊದಲು ನೋಡಿದ ಅಂಕಿ ನಂಬುವಂಥದ್ದಲ್ಲ. ಉಪಕರಣವನ್ನು 35 ಪಿಪಿಟಿ (ಸುಮಾರು ಲೀಟರ್‌ಗೆ 35 ಗ್ರಾಂ ಉಪ್ಪು) ದ್ರಾವಣದಲ್ಲೇ ಹೊಂದಿಸಿಕೊಳ್ಳಬೇಕು. ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ತಂದರೆ 35ರ ಹತ್ತಿರ ಎಷ್ಟು ತಪ್ಪುತ್ತಿದೆಯೋ ಗೊತ್ತಾಗುವುದಿಲ್ಲ. ಲೆಕ್ಕ ಸರಳ: 190 ಲೀಟರ್ 35ರ ನೀರು, 10 ಲೀಟರ್ ಸಿಹಿನೀರು, ಒಟ್ಟಿಗೆ 33.25. ಗೆರೆ 33ರಿಂದ ತುಸು ಮೇಲೆ ನಿಂತಿತು.

ಈಗ ಕೈ ತುರಿಸುವುದು ಉಪ್ಪಿನ ಡಬ್ಬಕ್ಕೆ. ಬೇಡ. ಒಣ ಉಪ್ಪಿನ ಹರಳು ಹವಳದ ಮೇಲೆ ಬಿದ್ದರೆ ಅಲ್ಲೇ ಸುಡುತ್ತದೆ. ಉಪ್ಪಿನಂಶ ಇಳಿದದ್ದಕ್ಕಿಂತ ಸರಕ್ಕನೆ ಏರಿದ್ದನ್ನು ಮೀನು ತಡೆಯುವುದು ಕಷ್ಟ. ನಕ್ಷತ್ರ ಮೀನು, ಕಡಲ ಮುಳ್ಳುಚೆಂಡುಗಳಿಗಂತೂ ಮೈಯೊಳಗಿನ ಉಪ್ಪನ್ನು ಕಾಯ್ದುಕೊಳ್ಳುವ ಶಕ್ತಿಯೇ ಇಲ್ಲ. ಹೊರಗಿನ ನೀರು ಹೇಗೋ ಒಳಗೂ ಹಾಗೆಯೇ.

ಟ್ಯಾಂಕಿನಲ್ಲಿ ಉಪ್ಪಿನ ಕೊರತೆ 350 ಗ್ರಾಂ. ಡ್ರಮ್ಮಿನಲ್ಲಿ ಮಿಕ್ಕ 10 ಲೀಟರ್‌ನಲ್ಲಿರುವುದೂ ಅಷ್ಟೇ! ಅದನ್ನು ಚೆಲ್ಲದೆ ಮುಚ್ಚಿಟ್ಟು, ದಿನಕ್ಕೆ ಆವಿಯಾಗುವ 3 ಲೀಟರ್‌ನ ಜಾಗಕ್ಕೆ ಆರ್‌ಒ ನೀರಿನ ಬದಲು ಇದನ್ನೇ ತುಂಬಬೇಕು. ದಿನಕ್ಕೆ ಅರ್ಧ ಪಿಪಿಟಿಯಷ್ಟು ಏರುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಆಲ್ಕಲಿನಿಟಿ (ಕ್ಷಾರೀಯತೆ), ಕ್ಯಾಲ್ಸಿಯಂ ಕೂಡ ಶೇ 5ರಷ್ಟು ಕೆಳಗಿರುತ್ತವೆ. 8 ಇದ್ದ ಡಿಕೆಎಚ್ (ಆಲ್ಕಲಿನಿಟಿಯ ಅಳತೆ) 7.6 ತೋರಿಸಿತೆಂದು ಡೋಸಿಂಗ್, ಅಂದರೆ ಇವನ್ನು ನೀರಿಗೆ ಸೇರಿಸುವ ಪ್ರಮಾಣ, ಹೆಚ್ಚಿಸಿದರೆ ಉಪ್ಪು ಸರಿಹೋಗುವ ಹೊತ್ತಿಗೆ ಅದು ಮಿತಿ ದಾಟಿರುತ್ತದೆ. ಡೋಸ್ ಎಂದಿನಷ್ಟೇ ಇರಲಿ.

ಹೀಟರ್‌ನ ಪ್ಲಗ್ ಮಾತ್ರ ಮೊದಲೇ ಕಿತ್ತಿದ್ದಾಗಿತ್ತು. ನೀರಿಲ್ಲದೆ ಕಾದ ಗಾಜಿಗೆ ತಣ್ಣೀರು ತಗುಲಿದರೆ ಬಿರುಕು ಬಿಡುತ್ತದೆ, ಒಡೆದ ಹೀಟರ್ ಇರುವ ಸಂಪ್‌ಗೆ ಕೈ ಹಾಕುವುದು ಪ್ರಾಣಕ್ಕೇ ಅಪಾಯ. ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಹೊಸ ನೀರಿಗೆ ನೊರೆಯುಕ್ಕಿಸುತ್ತಿದೆ. ನೊರೆ ಸೇರುವ ಅದರ ಕಪ್ ಮೇಲಕ್ಕೆತ್ತಿಟ್ಟರೆ ಸಾಕು.

ಸೋಮ, ಮಂಗಳ, ಬುಧ: ತಲಾ 3 ಲೀಟರ್ ಉಪ್ಪುನೀರು. ಗುರುವಾರ 1 ಲೀಟರ್ ಉಪ್ಪುನೀರು, 2 ಲೀಟರ್ ಆರ್‌ಒ. ಅಳತೆ 35 ಬಂದ ಮೇಲೆ ಟಾಪ್-ಆಫ್ ಪ್ಲಗ್ ಹಾಕುವುದು.