ಪೆರಾಕ್ಸೈಡ್‌ನಲ್ಲಿ ಪೆರಾಕ್ಸೈಡ್ ಬಂಧದ ಪೀಕ್ ಎಲ್ಲಿ?

ಹೈಡ್ರೋಜನ್ ಪೆರಾಕ್ಸೈಡ್‌ನ ಇನ್‌ಫ್ರಾರೆಡ್ ಸ್ಪೆಕ್ಟ್ರಮ್ (ಯಾವ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ತೋರಿಸುವ ಗೆರೆ; ಹೀರಿದ ಕಡೆ ಪೀಕ್ ಏಳುತ್ತದೆ) ಮೊದಲ ಸಲ ತೆಗೆದವರು ನನ್ನನ್ನು ತಪ್ಪದೆ ಕೇಳುತ್ತಾರೆ: "ಪೆರಾಕ್ಸೈಡ್ ಅಂದರೆ ಆಕ್ಸಿಜನ್–ಆಕ್ಸಿಜನ್ ಬಂಧ ಅಲ್ವಾ? ಅದರ ಪೀಕ್ ಎಲ್ಲಿ?" ಹುಡುಕಿ ಸುಸ್ತಾಗಿ, ಸ್ಯಾಂಪಲ್ ಕೆಟ್ಟುಹೋಗಿದೆ ಅಂತಲೇ ಬಂದಿರುತ್ತಾರೆ.

ಸ್ಯಾಂಪಲ್ ಚೆನ್ನಾಗೇ ಇರುತ್ತದೆ. ಆ ಬಂಧ ಇನ್‌ಫ್ರಾರೆಡ್ ಬೆಳಕನ್ನು ಹೀರುವುದೇ ತೀರಾ ಕಮ್ಮಿ.

ಬೆಳಕು ಅಣುವನ್ನು ಅಲುಗಾಡಿಸಲು ಅದಕ್ಕೊಂದು ಹಿಡಿ ಬೇಕು. ಅಣು ಕಂಪಿಸುವಾಗ ಚಾರ್ಜಿನ ಹಂಚಿಕೆ ಬದಲಾಗುತ್ತದಲ್ಲ, ಅದೇ ಆ ಹಿಡಿ. ಆಕ್ಸಿಜನ್–ಹೈಡ್ರೋಜನ್ ಬಂಧದಲ್ಲಿ ಒಂದು ತುದಿ ಸ್ವಲ್ಪ ಮೈನಸ್, ಇನ್ನೊಂದು ಸ್ವಲ್ಪ ಪ್ಲಸ್. ಅದು ಹಿಗ್ಗಿ ಕುಗ್ಗಿದಾಗ ಬೆಳಕಿಗೆ ಗಟ್ಟಿ ಹಿಡಿ ಸಿಗುತ್ತದೆ. ಎರಡು ಆಕ್ಸಿಜನ್‌ಗಳ ನಡುವೆ ಈ ವ್ಯತ್ಯಾಸ ಇಲ್ಲ. ಹತ್ತಿರ ಬಂದರೂ ದೂರ ಹೋದರೂ ಹಂಚಿಕೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಗಾಳಿಯಲ್ಲಿರುವ ಆಕ್ಸಿಜನ್, ನೈಟ್ರೋಜನ್ ನಮ್ಮ ಸ್ಪೆಕ್ಟ್ರಮ್‌ಗೆ ತೊಂದರೆ ಕೊಡದಿರುವುದೂ ಇದೇ ಕಾರಣಕ್ಕೆ.

ಹಾಗಂತ ಪೂರ್ತಿ ಸೊನ್ನೆಯಲ್ಲ. ಪೆರಾಕ್ಸೈಡ್ ಅಣು ಅರ್ಧ ತೆರೆದ ಪುಸ್ತಕದ ಹಾಗೆ ತಿರುಚಿಕೊಂಡಿದೆ. ಅನಿಲದಲ್ಲಿ ಎರಡು ಪುಟಗಳ ನಡುವಿನ ಕೋನ ಸುಮಾರು 111 ಡಿಗ್ರಿ. ಆ ಓರೆಯಿಂದಾಗಿ 877 ವೇವ್‌ನಂಬರ್ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಅನ್ನುವ ಲೆಕ್ಕ) ಹತ್ತಿರ ಒಂಚೂರು ಉಬ್ಬು ಏಳಬಹುದು. ಆದರೆ ನೀರಿನ ದ್ರಾವಣದಲ್ಲಿ ನೀರಿನದೇ ಅಗಲವಾದ ಹೀರಿಕೆ ಆ ಜಾಗದವರೆಗೂ ಹಬ್ಬಿರುತ್ತದೆ. ಆ ಬಂಧವನ್ನೇ ನೋಡಬೇಕು ಅಂದರೆ ರಾಮನ್ ಸ್ಪೆಕ್ಟ್ರಮ್ ತೆಗೆಯಿರಿ, ಅಂದರೆ ಲೇಸರ್ ಬೆಳಕು ಬಿಟ್ಟು ಚದುರಿ ಬಂದದ್ದನ್ನು ಅಳೆಯಿರಿ. ರಾಮನ್ ಗಮನಿಸುವುದು ಎಲೆಕ್ಟ್ರಾನ್ ಮೋಡ ಎಷ್ಟು ಸುಲಭವಾಗಿ ಜಗ್ಗುತ್ತದೆ ಅನ್ನುವುದನ್ನು. ಅಲ್ಲಿ ಅದೇ 877 ಎಲ್ಲಕ್ಕಿಂತ ಎದ್ದು ನಿಲ್ಲುತ್ತದೆ.

ಇನ್‌ಫ್ರಾರೆಡ್ ಒಂದೇ ಇದ್ದರೆ? ಎಟಿಆರ್‌ನ (ವಜ್ರದ ಒಳಗಿಂದ ಬೆಳಕು ಹಾಯಿಸಿ, ಮೇಲಿಟ್ಟ ಸ್ಯಾಂಪಲ್ ಅಳೆಯುವ ಜೋಡಣೆ) ವಜ್ರದ ಮೇಲೆ ಒಂದು ಹನಿ ಹಾಕಿ ನೋಡಿ. 3000ದಿಂದ 3700ರವರೆಗಿನ ದೊಡ್ಡ ಗುಡ್ಡ ನೀರಿಗೂ ಪೆರಾಕ್ಸೈಡ್‌ಗೂ ಸೇರಿದ್ದು, ಅದನ್ನು ಬಿಟ್ಟುಬಿಡಿ. 1640 ನೀರಿನದು. 1380ರ ಸುತ್ತ ಅಗಲವಾಗಿ ಏಳುತ್ತದಲ್ಲ, ಅದು ಪೆರಾಕ್ಸೈಡ್ ಬಾಗುವ ಕಂಪನ. ಅಲ್ಲಿ ನೀರಿಗೆ ಪೀಕ್ ಇಲ್ಲ. ಆಮೇಲೆ ಗುಡ್ಡದ ಬಲಗಡೆ ಇಳಿಜಾರಿನಲ್ಲಿ, 2830ರ ಆಸುಪಾಸು, ಒಂದು ಸಣ್ಣ ಭುಜ ಕಾಣುತ್ತದೆ. ಬಾಗುವ ಕಂಪನಗಳು ಒಟ್ಟಿಗೆ ಎದ್ದಾಗ ಬರುವ ಪೀಕ್ ಅದು. ನನಗೆ ಅದರ ಮೇಲೆ ತುಂಬಾ ಪ್ರೀತಿ.

ಹನಿಯನ್ನು ಜಾಸ್ತಿ ಹೊತ್ತು ಬಿಡಬೇಡಿ. ಪೆರಾಕ್ಸೈಡ್ ಒಡೆದು ಆಕ್ಸಿಜನ್ ಗುಳ್ಳೆಗಳು ವಜ್ರಕ್ಕೆ ಅಂಟಿಕೊಳ್ಳಬಹುದು. ಎಟಿಆರ್ ಬೆಳಕು ದ್ರವದೊಳಗೆ ಹೋಗುವುದು ಒಂದೆರಡು ಮೈಕ್ರಾನ್ ಅಷ್ಟೇ. ಗುಳ್ಳೆ ಕೂತ ಕಡೆ ದ್ರವವೇ ಸಿಗುವುದಿಲ್ಲ, ಎಲ್ಲ ಪೀಕ್‌ಗಳೂ ಕುಗ್ಗುತ್ತವೆ. ಗುಳ್ಳೆಯ ಆಕ್ಸಿಜನ್ ಅಂತೂ ಕಾಣುವುದೇ ಇಲ್ಲ.

ಆ ಸಣ್ಣ ಭುಜವನ್ನು ಕಡೆಗಣಿಸಬೇಡಿ ಅಂತ ನಾನು ಒತ್ತಿ ಹೇಳಲು ಇನ್ನೊಂದು ಕಾರಣ ಇದೆ. ಗುರುಗ್ರಹದ ಉಪಗ್ರಹ ಯೂರೋಪಾದ ಮಂಜುಗಡ್ಡೆಯ ಮೇಲೆ ಪೆರಾಕ್ಸೈಡ್ ಇದೆ ಅಂತ 1999ರಲ್ಲಿ ವರದಿಯಾಯಿತು. ಗೆಲಿಲಿಯೋ ನೌಕೆಯ ಇನ್‌ಫ್ರಾರೆಡ್ ಉಪಕರಣ ಅದನ್ನು ಗುರುತಿಸಿದ್ದು 3.5 ಮೈಕ್ರಾನ್ ಹತ್ತಿರದ ಹೀರಿಕೆಯಿಂದ. ವೇವ್‌ನಂಬರ್‌ಗೆ ಬದಲಿಸಿದರೆ ಸುಮಾರು 2850. ನಿಮ್ಮ ಹನಿಯ ಇಳಿಜಾರಿನಲ್ಲಿರುವ ಭುಜವೇ ಅದು.